ಹೈ-ಫೈ ಸಂಗೀತ ನಿಯಂತ್ರಣ ತಂತ್ರಾಂಶ

ಮನೆಯ ಹೈ-ಫೈ ಧ್ವನಿವ್ಯವಸ್ಥೆಯಲ್ಲಿ ಯಾವ ಸಂಗೀತವನ್ನು, ಯಾವ ಕ್ರಮದಲ್ಲಿ, ಯಾವ ಕೋಣೆಯ ಸ್ಪೀಕರುಗಳಲ್ಲಿ ಕೇಳಬೇಕೆಂಬುದನ್ನು ಕೇಳುಗನಿಂದ ತಿಳಿದುಕೊಂಡು, ಆ ಸಂಗೀತವನ್ನು ಮನೆಯ ಡಿಸ್ಕಿನಿಂದಾಗಲಿ ಅಂತರ್ಜಾಲದ ಸ್ಟ್ರೀಮಿಂಗ್ ಸೇವೆಯಿಂದಾಗಲಿ ತರಿಸಿ, ನುಡಿಸುವ ಸಾಧನಕ್ಕೆ ಒಪ್ಪಿಸುವ ತಂತ್ರಾಂಶ. ಗ್ರಾಮಫೋನಿನ ಕಾಲದಲ್ಲಿ ಈ ಕಾರ್ಯವನ್ನೆಲ್ಲ ಕೇಳುಗನ ಎರಡು ಕೈಗಳೇ ನಿರ್ವಹಿಸುತ್ತಿದ್ದುವು. ಕಪಾಟಿನಿಂದ ಪ್ಲೇಟನ್ನು ತೆಗೆದು, ಅದರ ನಡುವೆ ಅಂಟಿಸಿದ ಕಾಗದದ ಚೀಟಿಯಲ್ಲಿ ಗಾಯಕನ ಹೆಸರನ್ನೂ ರಾಗತಾಳಗಳನ್ನೂ ಓದಿಕೊಂಡು, ಧೂಳೊರಸಿ, ಮುಳ್ಳನ್ನು ಇಳಿಸುವಷ್ಟರಲ್ಲಿ ಹುಡುಕುವುದು, ಆಯುವುದು, ನುಡಿಸುವುದು ಎಂಬ ಮೂರು ಕೆಲಸಗಳೂ ಮುಗಿದುಹೋಗುತ್ತಿದ್ದುವು. ಇಂದು ಪ್ಲೇಟಿನ ಸ್ಥಾನದಲ್ಲಿ ಫೈಲೂ, ಕಪಾಟಿನ ಸ್ಥಾನದಲ್ಲಿ ಸರ್ವರೂ, ಕೈಗಳ ಸ್ಥಾನದಲ್ಲಿ ತಂತ್ರಾಂಶವೂ ಬಂದು ನಿಂತಿರುವುದರಿಂದ, ಬೆಲೆಬಾಳುವ ಆಂಪ್ಲಿಫೈಯರನ್ನೂ ಸ್ಪೀಕರುಗಳನ್ನೂ ಕೊಂಡು ತಂದವರು ಪ್ರತಿದಿನ ಬೆರಳಾಡಿಸುವುದು ಕಟ್ಟಕಡೆಗೆ ಈ ತಂತ್ರಾಂಶದ ಮೇಲೆಯೇ ಆಗಿದೆ. ಇದರ ಆಯ್ಕೆಯನ್ನು ನಾದದ ಉತ್ಕೃಷ್ಟತೆಯ ಪ್ರಶ್ನೆಯೆಂದು ಭಾವಿಸುವುದು ವಾಡಿಕೆ. ಸರಿಯಾಗಿ ಅಳವಡಿಸಿದ ತಂತ್ರಾಂಶಗಳೊಳಗೆ ನಾದದ ವ್ಯತ್ಯಾಸ ಅತ್ಯಲ್ಪವಾದುದರಿಂದ, ಸಂಗ್ರಹದಲ್ಲಿರುವುದನ್ನು ಎಷ್ಟು ಬೇಗ ಹುಡುಕಿಕೊಡುತ್ತದೆ, ತಾನು ಮರೆಯಾದ ಮೇಲೆ ಆ ಸಂಗ್ರಹವನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋಗುತ್ತದೆ ಎಂಬ ಎರಡು ವಿಷಯಗಳನ್ನೇ ಮುಖ್ಯವಾಗಿ ಪರಿಗಣಿಸುವುದು ಯುಕ್ತ.

ಇತಿಹಾಸ

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದುದರೊಂದಿಗೆ ಸಂಗೀತವು ಅಂಕಿಗಳ ರೂಪದಲ್ಲಿ ಮನೆಗಳನ್ನು ಪ್ರವೇಶಿಸಿತು. ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುವ ಈ ಕ್ರಮದಲ್ಲಿ ಎರಡು ಚಾನೆಲ್‌ಗಳಿಗೆ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳು, ಅಂದರೆ ಗಂಟೆಗೆ ಸುಮಾರು 635 ಮೆಗಾಬೈಟ್‌ಗಳು ಬೇಕಾಗುತ್ತವೆ. ಅಂದಿನ ಕಂಪ್ಯೂಟರುಗಳಿಗೆ ಇದು ಹೊರಲಾರದ ಹೊರೆಯಾಗಿತ್ತು. 1993ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಎಂಪಿ3 ಕ್ರಮವು ಕಿವಿಗೆ ನಿಲುಕದ ಅಂಶಗಳನ್ನು ಕೈಬಿಟ್ಟು ಈ ಹೊರೆಯನ್ನು ಹತ್ತರಲ್ಲೊಂದು ಪಾಲಿನವರೆಗೆ ಇಳಿಸಿತು. ಜೋಶ್ ಕೋಲ್ಸನ್ ರೂಪಿಸಿ 2001ರಲ್ಲಿ ಹೊರತಂದ ಫ್ಲ್ಯಾಕ್ ಕ್ರಮವು ಒಂದು ಬಿಟ್ಟನ್ನೂ ಕಳೆಯದೆ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ತಂದಿತು.

ಅದೇ 2001ರಲ್ಲಿ ಕ್ಯಾಲಿಫೋರ್ನಿಯದ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಸಂಸ್ಥೆ, ಕಂಪ್ಯೂಟರಿನಲ್ಲಿರುವ ಎಂಪಿ3 ಫೈಲುಗಳನ್ನು ಮನೆಯ ಜಾಲದ ಮೂಲಕ ತರಿಸಿ ಆಂಪ್ಲಿಫೈಯರಿಗೆ ಊಡುವ ಸಾಧನವೊಂದನ್ನು ಮಾರಾಟಕ್ಕಿಟ್ಟಿತು. ಬುದ್ಧಿಯೆಲ್ಲ ಸರ್ವರಿನಲ್ಲಿರತಕ್ಕದ್ದು, ಸ್ಪೀಕರಿನ ಬಳಿಯ ಪೆಟ್ಟಿಗೆ ಹೇಳಿದ್ದನ್ನು ನುಡಿಸುವ ಸೇವಕನಾಗಿರತಕ್ಕದ್ದು ಎಂಬುದು ಅದರ ಮೂಲತತ್ತ್ವ. 2003ರಲ್ಲಿ ಬಂದ ಅದೇ ಸಂಸ್ಥೆಯ ಸ್ಕ್ವೀಝ್‌ಬಾಕ್ಸ್ ಈ ತತ್ತ್ವವನ್ನು ಜನಪ್ರಿಯಗೊಳಿಸಿತು. 2006ರಲ್ಲಿ ಲಾಜಿಟೆಕ್ ಸಂಸ್ಥೆ ಸ್ಲಿಮ್ ಡಿವೈಸಸ್ ಸಂಸ್ಥೆಯನ್ನು ಕೊಂಡುಕೊಂಡಿತು. 2004ರಲ್ಲಿ ಆ್ಯಪಲ್ ಸಂಸ್ಥೆಯ ಏರ್‌ಟ್ಯೂನ್ಸ್ ಬಂದಿತು. ಮುಂದೆ 2010ರಲ್ಲಿ ಏರ್‌ಪ್ಲೇ ಎಂದು ಹೆಸರಾದುದು ಇದೇ. 2005ರಲ್ಲಿ ಸೋನೋಸ್ ಸಂಸ್ಥೆಯ ಬಹುಕೋಣೆಯ ವ್ಯವಸ್ಥೆ ಹೊರಬಿದ್ದಾಗ, ಅದರೊಂದಿಗೆ ಪರದೆಯೂ ತಿರುಗುಚಕ್ರವೂ ಉಳ್ಳ ಪ್ರತ್ಯೇಕವಾದ ಕೈ-ನಿಯಂತ್ರಕವನ್ನೇ ಕೊಡಬೇಕಾಗಿತ್ತು. 2007ರಲ್ಲಿ ಐಫೋನೂ ಮರುವರ್ಷ ಅದರ ಆ್ಯಪ್ ಭಂಡಾರವೂ ಬಂದ ಮೇಲೆ ಆ ನಿಯಂತ್ರಕದ ಕೆಲಸವನ್ನು ಜೇಬಿನ ಫೋನೇ ವಹಿಸಿಕೊಂಡಿತು, ಮತ್ತು ನಿಯಂತ್ರಣವೆಂಬುದು ಯಂತ್ರದಿಂದ ಬೇರ್ಪಟ್ಟು ಸ್ವತಂತ್ರವಾದ ತಂತ್ರಾಂಶವಾಯಿತು.

ಗ್ರಾಮಫೋನ್ ತಿರುಗುಫಲಕಕ್ಕೆ ಹೆಸರಾಂತ ಸ್ಕಾಟ್‌ಲೆಂಡಿನ ಲಿನ್ ಸಂಸ್ಥೆಯೇ 2007ರಲ್ಲಿ ಜಾಲದಿಂದ ನುಡಿಸುವ ಸಾಧನವನ್ನು ತಂದು, ಎರಡು ವರ್ಷಗಳ ತರುವಾಯ ಸಿ.ಡಿ. ಪ್ಲೇಯರುಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದುದು ಹೈ-ಫೈ ವಲಯದಲ್ಲಿ ಕಾಲ ಬದಲಾದುದರ ಸ್ಪಷ್ಟ ಸೂಚನೆಯಾಯಿತು. 2012ರಲ್ಲಿ 35 ಡಾಲರುಗಳ ಬೆಲೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಇದೇ ಸೌಲಭ್ಯವನ್ನು ವಿದ್ಯಾರ್ಥಿಗಳಿಗೂ ಎಟುಕುವಂತೆ ಮಾಡಿತು.

ಅಂಗಗಳು ಮತ್ತು ಕಾರ್ಯವಿಧಾನ

ಇಂತಹ ವ್ಯವಸ್ಥೆ ಎಷ್ಟೇ ಸಂಕೀರ್ಣವಾಗಿ ಕಂಡರೂ ಅದರಲ್ಲಿ ನಾಲ್ಕು ಅಂಗಗಳಿರುತ್ತವೆ: ಫೈಲುಗಳಿರುವ ಸಂಗ್ರಹ, ಅವುಗಳ ವರ್ಗೀಕೃತ ಸೂಚಿಯನ್ನು ಕಾಪಾಡಿಕೊಂಡಿರುವ ಸರ್ವರ್, ಕೇಳುಗನ ಕೈಯಲ್ಲಿರುವ ನಿಯಂತ್ರಕ, ಮತ್ತು ಅಂಕಿಗಳನ್ನು ಧ್ವನಿಯ ವಿದ್ಯುತ್ತಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಪರಿವರ್ತಕವನ್ನು ಒಳಗೊಂಡ ಅಥವಾ ಅದಕ್ಕೆ ಜೋಡಿಸಿದ ನುಡಿಸುವ ಸಾಧನ. ಈ ನಾಲ್ಕೂ ಒಂದೇ ಲ್ಯಾಪ್‌ಟಾಪಿನಲ್ಲಿ ಅಡಗಿರಬಹುದು, ಅಥವಾ ಮನೆಯ ನಾಲ್ಕು ಮೂಲೆಗಳಲ್ಲಿ ಹಂಚಿಹೋಗಿರಬಹುದು.

ಇವುಗಳ ಜೊತೆಗೆ ಕಣ್ಣಿಗೆ ಬೀಳದ ಐದನೆಯದೊಂದುಂಟು. ಅದು ಸರದಿಪಟ್ಟಿ, ಎಂದರೆ ಈಗ ನುಡಿಯುತ್ತಿರುವುದರ ಹಿಂದೆ ಯಾವುದು, ಅದರ ಹಿಂದೆ ಯಾವುದು ಎಂಬ ಕ್ರಮ. ತಂತ್ರಾಂಶಗಳ ಸ್ವಭಾವಭೇದವು ಬಹುಮಟ್ಟಿಗೆ ಈ ಸರದಿಪಟ್ಟಿ ವಾಸವಾಗಿರುವ ಸ್ಥಳವನ್ನು ಅವಲಂಬಿಸಿದೆ. ಅದು ಫೋನಿನಲ್ಲಿದ್ದರೆ, ರಾತ್ರಿಯ ಅಡುಗೆಯ ವೇಳೆಗೆಂದು ಹತ್ತು ಕೃತಿಗಳನ್ನು ಸಾಲಾಗಿ ಆಯ್ದಿಟ್ಟು, ಫೋನನ್ನು ಜೇಬಿಗಿಳಿಸಿ, ಮೂಲೆಯಂಗಡಿಗೆ ಹಾಲು ತರಲು ಹೋದವರ ಮನೆಯಲ್ಲಿ, ಆಗ ನುಡಿಯುತ್ತಿದ್ದ ಕೃತಿ ಮಂಗಳವಾದೊಡನೆ ಮೌನ ಕವಿಯುತ್ತದೆ. ಫೋನು ಮನೆಯ ವೈ-ಫೈ ಎಲ್ಲೆಯನ್ನು ದಾಟಿದ್ದರಿಂದ ಎರಡನೆಯ ಕೃತಿ ಯಾವುದೆಂದು ಸಾಧನಕ್ಕೆ ಹೇಳುವವರೇ ಇಲ್ಲ. ಸರದಿಪಟ್ಟಿ ಸರ್ವರಿನಲ್ಲಾಗಲಿ ನುಡಿಸುವ ಸಾಧನದಲ್ಲಾಗಲಿ ಇದ್ದರೆ ಹಾಲು ತರುವವರು ಹಿಂದಿರುಗುವವರೆಗೂ ಸಂಗೀತ ನಡೆದಿರುತ್ತದೆ. ಅಲ್ಲದೆ ಮನೆಯ ಇನ್ನೊಬ್ಬರು ತಮ್ಮ ಫೋನನ್ನು ತೆರೆದು ಅದೇ ಪಟ್ಟಿಗೆ ಒಂದು ಹಾಡನ್ನು ಸೇರಿಸಲೂ ಬಹುದು. ಸ್ಟ್ರೀಮಿಂಗ್ ಸಂಸ್ಥೆಯ ದೂರದ ಕಂಪ್ಯೂಟರಿನಲ್ಲಿ ಸರದಿಪಟ್ಟಿ ನೆಲೆಸಿರುವುದು ಮೂರನೆಯ ವಿಧ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಸಾಧನದ ಎದುರು ಹತ್ತು ನಿಮಿಷ ನಿಂತವರಿಗೆ ಈ ಭೇದ ತಿಳಿಯುವುದಿಲ್ಲ. ಮನೆಗೆ ತಂದು ವಾರವೊಂದು ಕಳೆಯುವುದರೊಳಗೆ ತಿಳಿಯುತ್ತದೆ.

ಪ್ರಮುಖ ಪ್ರಭೇದಗಳು

ಯುಪಿಎನ್‌ಪಿ ವರ್ಗ: 1999ರಲ್ಲಿ ಸ್ಥಾಪಿತವಾದ ಯುಪಿಎನ್‌ಪಿ ವೇದಿಕೆಯ ಸೂತ್ರಗಳನ್ನೂ, 2003ರಲ್ಲಿ ಹುಟ್ಟಿದ ಡಿಎಲ್‌ಎನ್‌ಎ ಒಕ್ಕೂಟದ ನಿಯಮಗಳನ್ನೂ ಅನುಸರಿಸುವ ತಂತ್ರಾಂಶಗಳು ಈ ವರ್ಗದವು. ಬೇರೆ ಬೇರೆ ತಯಾರಕರ ಸಂಗ್ರಹ, ನಿಯಂತ್ರಕ, ಸಾಧನಗಳನ್ನು ಒಂದರೊಡನೊಂದು ಬೆರೆಸಬಹುದಾದುದು ಇದರ ಹಿರಿಮೆ. ಮಿನಿಮ್‌ಸರ್ವರ್ ಸೂಚಿಯನ್ನು ಸಿದ್ಧಗೊಳಿಸಿದರೆ ಆಂಡ್ರಾಯ್ಡ್ ಫೋನಿನ ಬಬಲ್‌ಯುಪಿಎನ್‌ಪಿ ಅದನ್ನು ತೆರೆದು ತೋರಿಸುತ್ತದೆ. ಫೈಲು ಮಾತ್ರ ಫೋನನ್ನು ಹಾಯದೆ ಸರ್ವರಿನಿಂದ ನೇರವಾಗಿ ಸಾಧನಕ್ಕೆ ಹರಿಯುತ್ತದೆ. ಮೂಲಸೂತ್ರದಲ್ಲಿ ಸರದಿಪಟ್ಟಿ ನಿಯಂತ್ರಕದಲ್ಲಿರುವುದೇ ಇದರ ದೌರ್ಬಲ್ಯ. ಈ ಕೊರತೆಯನ್ನು ನೀಗಲೆಂದೇ ಲಿನ್ ಸಂಸ್ಥೆ ಓಪನ್‌ಹೋಮ್ ಎಂಬ ವಿಸ್ತರಣೆಯನ್ನು ರಚಿಸಿ ಪಟ್ಟಿಯನ್ನು ಸಾಧನದೊಳಕ್ಕೆ ಸಾಗಿಸಿತು.

ಎಂಪಿಡಿ ವರ್ಗ: ಮ್ಯೂಸಿಕ್ ಪ್ಲೇಯರ್ ಡೀಮನ್ ಎಂಬುದು 2003ರಿಂದ ಬೆಳೆದುಬಂದಿರುವ ಮುಕ್ತ ತಂತ್ರಾಂಶ. ತಾನು ಮರೆಯಲ್ಲಿದ್ದುಕೊಂಡು ನುಡಿಸುವುದಷ್ಟೇ ಇದರ ಕೆಲಸ. ಮುಖವನ್ನು ತೋರಿಸುವ ನಿಯಂತ್ರಕಗಳನ್ನು ಬೇರೆಯವರು ರಚಿಸಿದ್ದಾರೆ. ರಾಸ್ಪ್‌ಬೆರಿ ಪೈ ಮೇಲೆ ನಡೆಯುವ ಮೂಡ್ ಆಡಿಯೊ ಮತ್ತು ಇಟಲಿಯಲ್ಲಿ ಹುಟ್ಟಿದ ವಾಲ್ಯೂಮಿಯೊ ವ್ಯವಸ್ಥೆಗಳ ಒಡಲಲ್ಲಿರುವುದು ಇದೇ.

ಲಿರಿಯನ್: ಸ್ಕ್ವೀಝ್‌ಬಾಕ್ಸಿಗಾಗಿ ಹುಟ್ಟಿದ ಸರ್ವರ್ ತಂತ್ರಾಂಶ ಹಲವು ನಾಮಾಂತರಗಳನ್ನು ಪಡೆದು, ಲಾಜಿಟೆಕ್ ಮೀಡಿಯ ಸರ್ವರ್ ಎಂದು ಬಹುಕಾಲ ಪ್ರಸಿದ್ಧವಾಗಿದ್ದು, 2024ರಲ್ಲಿ ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಈಗಿನ ಹೆಸರನ್ನು ತಾಳಿತು. ಸರದಿಪಟ್ಟಿ ಸರ್ವರಿನಲ್ಲಿರುವುದರಿಂದ ಹಲವು ಕೋಣೆಗಳ ಸಾಧನಗಳನ್ನು ಒಂದೇ ಲಯದಲ್ಲಿ ನುಡಿಸುವುದು ಇದಕ್ಕೆ ಸಹಜ. ಸ್ಕ್ವೀಝ್‌ಲೈಟ್ ಎಂಬ ಪುಟ್ಟ ತಂತ್ರಾಂಶವನ್ನು ಹಾಕಿದರೆ ರಾಸ್ಪ್‌ಬೆರಿ ಪೈ ಕೂಡ ಸ್ಕ್ವೀಝ್‌ಬಾಕ್ಸಿನಂತೆ ವರ್ತಿಸುತ್ತದೆ. ಹೊರಗಿನವರು ಬರೆದ ಪೂರಕ ತಂತ್ರಾಂಶಗಳ ಮೂಲಕ ಏರ್‌ಪ್ಲೇ ಮತ್ತು ಕ್ರೋಮ್‌ಕಾಸ್ಟ್ ಸಾಧನಗಳನ್ನೂ ಇದರ ಅಂಕೆಗೆ ತರಬಹುದು.

ರೂನ್: ಸೂಲೂಸ್ ಎಂಬ ಸಂಗೀತ ಸರ್ವರನ್ನು ರೂಪಿಸಿ, 2008ರಲ್ಲಿ ಇಂಗ್ಲೆಂಡಿನ ಮೆರಿಡಿಯನ್ ಸಂಸ್ಥೆಯೊಳಕ್ಕೆ ಸೇರಿದ್ದ ತಂಡವೇ 2015ರಲ್ಲಿ ಬೇರೆಯಾಗಿ ಹೊರತಂದ ಈ ತಂತ್ರಾಂಶವನ್ನು ಹಾರ್ಮನ್ ಸಂಸ್ಥೆ 2023ರಲ್ಲಿ ಕೊಂಡುಕೊಂಡಿತು. ಕಲಾವಿದನ ಹೆಸರನ್ನು ಮುಟ್ಟಿದರೆ ಅವನ ಜೀವನವೃತ್ತವೂ, ಅವನೊಡನೆ ನುಡಿಸಿದವರ ಹೆಸರುಗಳೂ, ಆ ಹೆಸರುಗಳಿಂದ ಮತ್ತೆ ಇತರ ಧ್ವನಿಮುದ್ರಣಗಳೂ ತೆರೆದುಕೊಳ್ಳುತ್ತ ಹೋಗುವ ಇದರ ರಚನೆ, ತಂತ್ರಾಂಶಕ್ಕಿಂತ ಹೆಚ್ಚಾಗಿ ಓದುವ ಗ್ರಂಥವನ್ನು ನೆನಪಿಗೆ ತರುತ್ತದೆ. ಟೈಡಲ್ ಮತ್ತು ಕೋಬಜ್ ಸೇವೆಗಳ ಸಂಗೀತವು ಮನೆಯ ಫೈಲುಗಳೊಡನೆ ಒಂದೇ ಸೂಚಿಯಲ್ಲಿ ಬೆರೆಯುತ್ತದೆ. ಸದಾ ಎಚ್ಚರವಾಗಿರುವ ಪ್ರತ್ಯೇಕ ಕಂಪ್ಯೂಟರನ್ನೂ ಚಂದಾಹಣವನ್ನೂ ಇದು ಬೇಡುತ್ತದೆ.

ತಯಾರಕರ ಸ್ವಂತ ತಂತ್ರಾಂಶಗಳು: ಸೋನೋಸ್ ಅಲ್ಲದೆ ಬ್ಲೂಸೌಂಡ್ ಮತ್ತು ಎನ್‌ಎಡಿ ಸಾಧನಗಳ ಬ್ಲೂಓಎಸ್, ಡೆನಾನ್ ಸಂಸ್ಥೆಯ ಹಿಯೋಸ್, ಯಮಾಹ ಸಂಸ್ಥೆಯ ಮ್ಯೂಸಿಕ್‌ಕಾಸ್ಟ್ ಇವು ಈ ಜಾತಿಗೆ ಸೇರುತ್ತವೆ. ಸಾಧನದೊಡನೆಯೇ ಬರುವುದರಿಂದ ಅಳವಡಿಕೆ ಸುಲಭ. ಸಾಧನವನ್ನು ಬದಲಿಸಿದರೆ ತಂತ್ರಾಂಶವನ್ನೂ ಅದರೊಳಗೆ ಕಟ್ಟಿಕೊಂಡ ಪಟ್ಟಿಗಳನ್ನೂ ಬಿಟ್ಟುಬರಬೇಕಾಗುತ್ತದೆ.

ಸ್ಟ್ರೀಮಿಂಗ್ ಸೇವೆಗಳ ಸಂಪರ್ಕಸೂತ್ರಗಳು: 2013ರಲ್ಲಿ ಬಂದ ಸ್ಪಾಟಿಫೈ ಕನೆಕ್ಟ್, 2020ರಲ್ಲಿ ಬಂದ ಟೈಡಲ್ ಕನೆಕ್ಟ್ ಇವುಗಳಲ್ಲಿ ಫೋನು ಆಜ್ಞೆಯನ್ನಷ್ಟೇ ಕೊಡುತ್ತದೆ, ಸಂಗೀತವನ್ನು ಸಾಧನವೇ ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ಏರ್‌ಪ್ಲೇಯಲ್ಲಾದರೋ ಧ್ವನಿಯು ಸಾಮಾನ್ಯವಾಗಿ ಫೋನನ್ನು ಹಾದುಹೋಗುತ್ತದೆ. ಮನೆಯ ಸಂಗ್ರಹವಿಲ್ಲದವರಿಗೆ ಇವೇ ಸಾಕು.

ನಾದದ ಗುಣಮಟ್ಟ

ಫೈಲಿನಲ್ಲಿರುವ ಅಂಕಿಗಳು ಯಾವ ಮಾರ್ಪಾಡೂ ಇಲ್ಲದೆ ಡ್ಯಾಕ್ ಪರಿವರ್ತಕವನ್ನು ತಲುಪಿದುವೆಂದರೆ ತಂತ್ರಾಂಶ ತನ್ನ ಕರ್ತವ್ಯವನ್ನು ಪೂರೈಸಿತೆಂದೇ ಅರ್ಥ. ಎರಡು ತಂತ್ರಾಂಶಗಳು ಹೀಗೆ ಮಾಡಬಲ್ಲುವಾದರೆ ಅವುಗಳ ನಡುವೆ ನಾದದ ತಾರತಮ್ಯವನ್ನು ಎಣಿಸುವುದಕ್ಕೆ ಆಧಾರ ಬಹು ಕಡಿಮೆ. ಈ ಅವಿಕೃತ ಸಾಗಣೆಗೆ ಅಡ್ಡಿಗಳಿರುವುದುಂಟು. ಕಂಪ್ಯೂಟರಿನ ಕಾರ್ಯವ್ಯವಸ್ಥೆ ಎಲ್ಲ ತಂತ್ರಾಂಶಗಳ ಸದ್ದುಗಳನ್ನೂ ಬೆರೆಸುವ ಸಲುವಾಗಿ ಅವುಗಳನ್ನು ಒಂದೇ ದರಕ್ಕೆ ಪರಿವರ್ತಿಸುತ್ತದೆ; ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಸಿ.ಡಿ.ಯ 44.1 ಕಿಲೋಹರ್ಟ್ಸ್ ಧ್ವನಿ 48ಕ್ಕೆ ತಿರುಗುವುದು ಈ ಕಾರಣದಿಂದ. ವಿಂಡೋಸ್‌ನಲ್ಲಿ ವಸಾಪಿಯ ಏಕಸ್ವಾಮ್ಯ ವಿಧಾನವನ್ನೂ, ಲಿನಕ್ಸ್‌ನಲ್ಲಿ ಆಲ್ಸಾದ ನೇರ ಮಾರ್ಗವನ್ನೂ ಬಳಸಬಲ್ಲ ತಂತ್ರಾಂಶಗಳು ಈ ಬೆರಕೆಯನ್ನು ತಪ್ಪಿಸುತ್ತವೆ. ಬ್ಲೂಟೂತ್ ಮೂಲಕ ಕಳುಹಿಸಿದರೆ ಧ್ವನಿ ಸಾಮಾನ್ಯವಾಗಿ ಮತ್ತೊಮ್ಮೆ ಸಂಕುಚಿತಗೊಳ್ಳುವುದರಿಂದ ಹೈ-ಫೈ ವ್ಯವಸ್ಥೆಗೆ ಅದು ಎರಡನೆಯ ದರ್ಜೆಯ ದಾರಿ.

ಒಂದು ಫೈಲು ಮುಗಿದು ಮುಂದಿನ ಫೈಲು ಆರಂಭವಾಗುವಲ್ಲಿ ಬಿರುಕು ಬೀಳದಿರುವುದು ಅಷ್ಟೇ ಮುಖ್ಯವಾದ ಲಕ್ಷಣ. ಎಂಪಿ3 ಕ್ರಮದಲ್ಲಿ ಧ್ವನಿಯನ್ನು 1152 ಅಳತೆಗಳ ಚೌಕಟ್ಟುಗಳಾಗಿ ಕಟ್ಟುವುದರಿಂದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕಿಂಚಿತ್ ನಿಶ್ಶಬ್ದ ಸೇರಿಕೊಳ್ಳುತ್ತದೆ. ಅದನ್ನು ಗುರುತಿಸಿ ಕತ್ತರಿಸುವ ಜಾಣ್ಮೆ ತಂತ್ರಾಂಶಕ್ಕಿರಬೇಕು. ಫ್ಲ್ಯಾಕ್ ಫೈಲು ತನ್ನಲ್ಲಿರುವ ಅಳತೆಗಳ ಸಂಖ್ಯೆಯನ್ನು ತಾನೇ ಬರೆದಿಟ್ಟುಕೊಂಡಿರುವುದರಿಂದ ಅಲ್ಲಿ ಈ ತೊಡಕಿಲ್ಲ; ಆದರೂ ನುಡಿಸುವ ಸಾಧನ ಮುಂದಿನ ಫೈಲನ್ನು ಮುಂಚಿತವಾಗಿ ತರಿಸಿಟ್ಟುಕೊಳ್ಳದಿದ್ದರೆ ವಿರಾಮ ಬಂದೇ ಬರುತ್ತದೆ. ಬಿಡಿ ಬಿಡಿಯಾದ ಚಿತ್ರಗೀತೆಗಳನ್ನು ಕೇಳುವವರಿಗೆ ಇದು ನಗಣ್ಯ. ಕರ್ನಾಟಕ ಸಂಗೀತದ ಕಚೇರಿಯ ಧ್ವನಿಮುದ್ರಣದಲ್ಲಿ ರಾಗ, ತಾನ, ಪಲ್ಲವಿ, ತನಿ ಆವರ್ತನ ಇವುಗಳನ್ನು ಬೇರೆ ಬೇರೆ ಫೈಲುಗಳಾಗಿ ಕತ್ತರಿಸಿದ್ದರೆ ಮಾತು ಬೇರೆ. ಮೃದಂಗದವರು ಮುಕ್ತಾಯವನ್ನು ಮೂರು ಸಲ ನುಡಿಸಿ ಮುಗಿಸಿದ ಬೆನ್ನಿಗೆ ಗಾಯಕ ಪಲ್ಲವಿಯ ಎಡುಪನ್ನು ಹಿಡಿಯುವ ಸಂಧಿಯಲ್ಲಿ, ತೊಡೆಯ ಮೇಲೆ ತಾಳ ಹಾಕುತ್ತಿರುವ ಕೇಳುಗನ ಕೈ ಮೇಲಕ್ಕೆದ್ದಿರುವಾಗ, ಅರ್ಧ ಸೆಕೆಂಡಿನ ಮೌನ ಬಿದ್ದರೂ ಆ ಕೈ ತಪ್ಪಾದ ಜಾಗದಲ್ಲಿ ಇಳಿಯುತ್ತದೆ. ಎರಡು ಗಂಟೆಗಳಿಂದ ಕಟ್ಟಿಕೊಂಡು ಬಂದ ಲಯ ಅಲ್ಲಿಗೆ ಮುರಿಯುತ್ತದೆ.

ಸದ್ದಿನ ಮಟ್ಟವನ್ನು ಸಮಗೊಳಿಸುವ ಸೌಲಭ್ಯದಲ್ಲಿಯೂ ಇದೇ ವಿವೇಚನೆ ಬೇಕು. 2001ರಲ್ಲಿ ಡೇವಿಡ್ ರಾಬಿನ್ಸನ್ ಸೂಚಿಸಿದ ರೀಪ್ಲೇ ಗೇನ್ ಕ್ರಮದಲ್ಲಿ ಒಂದೊಂದು ಹಾಡನ್ನೂ ಬೇರೆಬೇರೆಯಾಗಿ ಸಮಗೊಳಿಸುವ ಬಗೆಯೊಂದು, ಇಡೀ ಆಲ್ಬಮ್ಮನ್ನು ಒಂದು ಘಟಕವಾಗಿ ಸಮಗೊಳಿಸುವ ಬಗೆಯೊಂದು. ಮೊದಲನೆಯ ಬಗೆಯನ್ನು ಕಚೇರಿಗೆ ಅನ್ವಯಿಸಿದರೆ ತಂಬೂರಿಯ ಶ್ರುತಿಯೊಡನೆ ಮೆಲ್ಲನೆ ಏಳುವ ಆಲಾಪನೆಯೂ ತನಿ ಆವರ್ತನದಷ್ಟೇ ಎತ್ತರಕ್ಕೆ ಏರಿ, ಕಲಾವಿದನು ಉದ್ದೇಶಿಸಿದ ಏರಿಳಿತ ಸಮತಟ್ಟಾಗುತ್ತದೆ.

ಚೀಟಿ ಮತ್ತು ಸೂಚೀಕರಣ

ಪ್ಲೇಟಿನ ಮೇಲಿನ ಕಾಗದದ ಚೀಟಿಗೆ ಸಮನಾಗಿ ಫೈಲಿನೊಳಗೆ ಟ್ಯಾಗ್ ಎಂಬ ಅಂಕಿತವಿರುತ್ತದೆ. ಎಂಪಿ3 ಫೈಲುಗಳಿಗೆ 1996ರಲ್ಲಿ ಸೇರಿಸಿದ ಮೊದಲ ಟ್ಯಾಗಿನ ಗಾತ್ರ 128 ಬೈಟ್‌ಗಳು ಮಾತ್ರ. ಹಾಡಿನ ಹೆಸರಿಗೆ 30, ಹಾಡಿದವರ ಹೆಸರಿಗೆ 30, ಆಲ್ಬಮ್ಮಿಗೆ 30. ಪಾಶ್ಚಾತ್ಯ ಜನಪ್ರಿಯ ಗೀತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದ ಈ ಅಂಗಿ ನಮ್ಮ ಸಂಗೀತಕ್ಕೆ ಮೊದಲಿನಿಂದಲೂ ಬಿಗಿ. ಭಾವಗೀತೆಯನ್ನು ಕವಿ ಬರೆದಿರುತ್ತಾನೆ, ಬೇರೊಬ್ಬರು ಸ್ವರ ಸಂಯೋಜಿಸಿರುತ್ತಾರೆ, ಮತ್ತೊಬ್ಬರು ಹಾಡಿರುತ್ತಾರೆ. 1992ರ ಮೈಸೂರು ಮಲ್ಲಿಗೆ ಚಿತ್ರದ ಗೀತೆಗಳಿಗೆ ಸಿ. ಅಶ್ವಥ್ ಸಂಗೀತ ನಿರ್ದೇಶಕರು, ಗೀತೆಗಳ ಕರ್ತೃ ಕೆ. ಎಸ್. ನರಸಿಂಹಸ್ವಾಮಿ. ಕಲಾವಿದ, ಆಲ್ಬಮ್ ಎಂಬ ಎರಡೇ ದ್ವಾರಗಳಿರುವ ತಂತ್ರಾಂಶದಲ್ಲಿ ಈ ಕವಿಯ ಹೆಸರಿನಿಂದ ಒಳಹೊಕ್ಕು ಅವರ ಎಲ್ಲ ಗೀತೆಗಳನ್ನೂ ಒಂದೆಡೆ ಕಾಣುವುದು ಅಸಾಧ್ಯ. ಕನ್ನಡದ ಕೇಳುಗನಿಗಾದರೋ ಮೊದಲು ನೆನಪಾಗುವುದು ಕವಿಯೇ.

ದಾಸರ ಪದಗಳ ವಿಷಯ ಇನ್ನೂ ಸೂಕ್ಷ್ಮ. ತ್ಯಾಗರಾಜರ ಕೃತಿಗೆ ರಾಗವೂ ತಾಳವೂ ಕೃತಿಯೊಡನೆಯೇ ಬಂದ ಲಕ್ಷಣಗಳು. ಪುರಂದರದಾಸರ ಅನೇಕ ದೇವರನಾಮಗಳ ಮೂಲ ಧಾಟಿಗಳು ಲುಪ್ತವಾಗಿರುವುದರಿಂದ, ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿಯೂ ಮತ್ತೊಬ್ಬರು ಇನ್ನೊಂದರಲ್ಲಿಯೂ ಹಾಡುತ್ತಾರೆ. ಇಲ್ಲಿ ರಾಗವು ರಚನೆಯ ಗುಣವಾಗಿರದೆ ಆಯಾ ಗಾಯನದ ಗುಣವಾಗುತ್ತದೆ. 2000ದಲ್ಲಿ ಆರಂಭವಾದ ಮ್ಯೂಸಿಕ್‌ಬ್ರೇನ್ಜ್ ಎಂಬ ಮುಕ್ತ ಭಂಡಾರವು ರಚನೆಯನ್ನೂ ಧ್ವನಿಮುದ್ರಣವನ್ನೂ ಬೇರೆಬೇರೆಯಾಗಿ ಎಣಿಸಿ, ರಚನೆಗೆ ಕರ್ನಾಟಕ ಸಂಗೀತದ ರಾಗತಾಳಗಳನ್ನು ಜೋಡಿಸುವ ಏರ್ಪಾಡನ್ನು ಮಾಡಿದೆ. ಕೃತಿಗಳಿಗೆ ಇದು ಒಪ್ಪುತ್ತದೆ; ದೇವರನಾಮಕ್ಕೆ ರಾಗದ ಹೆಸರನ್ನು ಆಯಾ ಫೈಲಿನ ಚೀಟಿಯಲ್ಲಿಯೇ ಬರೆಯಬೇಕು. ಫ್ಲ್ಯಾಕ್ ಫೈಲಿನ ಟ್ಯಾಗಿನಲ್ಲಿ ನಮಗೆ ಬೇಕಾದ ಹೆಸರಿನ ಅಂಕಣವನ್ನು ನಾವೇ ಸೃಷ್ಟಿಸಬಹುದಾದುದರಿಂದ ರಾಗ, ತಾಳ, ಅಂಕಿತ, ಪಕ್ಕವಾದ್ಯ ಎಂಬ ಅಂಕಣಗಳಿಗೆ ಎಡೆಯುಂಟು. ಅವುಗಳನ್ನು ಓದಿ ಸೂಚಿಯಲ್ಲಿ ತೋರಿಸುವ ಶಕ್ತಿ ಎಲ್ಲ ತಂತ್ರಾಂಶಗಳಿಗೂ ಇಲ್ಲ. ಮಿನಿಮ್‌ಸರ್ವರ್, ಫೂಬಾರ್2000, ಜೆ-ರಿವರ್ ಇವು ತೋರಿಸಬಲ್ಲುವು.

ಒಂದೇ ವಸ್ತುವನ್ನು ಹಲವು ಮುಖಗಳಿಂದ ವರ್ಗೀಕರಿಸುವ ಈ ತತ್ತ್ವ ಗ್ರಂಥಾಲಯಶಾಸ್ತ್ರಕ್ಕೆ ಹೊಸದಲ್ಲ. 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿ, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು ಪುಸ್ತಕಗಳ ವಿಷಯದಲ್ಲಿ ಪ್ರತಿಪಾದಿಸಿದುದು ಇದನ್ನೇ. ಆಲ್ಬಮ್ಮಿನ ಏಕಮುಖದ ಕಪಾಟಿಗಿಂತ ರಾಗದಿಂದಲೂ ವಾಗ್ಗೇಯಕಾರನಿಂದಲೂ ಗಾಯಕನಿಂದಲೂ ಸಮಾನವಾಗಿ ತಲುಪಬಹುದಾದ ಸೂಚಿ ಶ್ರೇಷ್ಠವೆಂಬುದು ಇಲ್ಲಿಯೂ ಸಲ್ಲುತ್ತದೆ.

ಹೆಸರುಗಳ ಕಾಗುಣಿತದ ತೊಡಕು ತಂತ್ರಾಂಶ ಬಗೆಹರಿಸಲಾರದ್ದು. ವೀಣೆಯ ದೊರೆಸ್ವಾಮಿ ಅಯ್ಯಂಗಾರರನ್ನು ರೋಮನ್ ಲಿಪಿಯಲ್ಲಿ ಒಂದು ಸಿ.ಡಿ. ಒಂದು ರೀತಿಯಾಗಿ, ಇನ್ನೊಂದು ಇನ್ನೊಂದು ರೀತಿಯಾಗಿ ಬರೆದಿದ್ದರೆ, ಸೂಚಿಯಲ್ಲಿ ಅವರು ಇಬ್ಬರು ಮೂವರಾಗಿ ಹಂಚಿಹೋಗುತ್ತಾರೆ. ಮೊದಲೇ ಒಂದು ರೂಪವನ್ನು ನಿಶ್ಚಯಿಸಿಕೊಂಡು ಎಲ್ಲ ಫೈಲುಗಳಲ್ಲಿಯೂ ಅದನ್ನೇ ಪಾಲಿಸುವುದೊಂದೇ ಪರಿಹಾರ.

ಮನೆಯ ಜಾಲ

ತಂತ್ರಾಂಶದ ದೋಷವೆಂದು ದೂರಲ್ಪಡುವ ತೊಂದರೆಗಳಲ್ಲಿ ಅನೇಕವು ಜಾಲದವು. ನಿಯಂತ್ರಕವು ಸಾಧನಗಳನ್ನು ಪತ್ತೆಹಚ್ಚುವುದು ಮನೆಯ ಜಾಲದಲ್ಲಿ ಎಲ್ಲರಿಗೂ ಕೇಳುವಂತೆ ಕೂಗು ಹಾಕುವುದರ ಮೂಲಕ. ಯುಪಿಎನ್‌ಪಿ ವರ್ಗದಲ್ಲಿ ಈ ಕೂಗು 239.255.255.250 ಎಂಬ ವಿಳಾಸಕ್ಕೆ ಹೋಗುತ್ತದೆ. ಅದು ಒಂದೇ ಜಾಲದೊಳಗೆ ಮಾತ್ರ ಕೇಳಿಸುತ್ತದೆ. ಫೈಬರ್ ಸಂಪರ್ಕ ಕೊಟ್ಟವರು ಇಟ್ಟುಹೋದ ಪೆಟ್ಟಿಗೆಯದೊಂದು ವೈ-ಫೈ, ಸಂಕೇತ ದೂರ ತಲುಪಲೆಂದು ಮನೆಯವರು ಅದಕ್ಕೆ ಜೋಡಿಸಿದ ರೌಟರಿನದೊಂದು ವೈ-ಫೈ ಇರುವ ಮನೆಗಳಲ್ಲಿ, ಫೋನು ಮೊದಲನೆಯದರಲ್ಲಿಯೂ ಸಾಧನ ಎರಡನೆಯದರಲ್ಲಿಯೂ ಸೇರಿದ್ದರೆ, ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿದ್ದರೂ ಅವು ಒಂದನ್ನೊಂದು ಕಾಣುವುದಿಲ್ಲ. ಎರಡನೆಯ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಮಾರ್ಪಡಿಸಿದರೆ ತೊಂದರೆ ನೀಗುತ್ತದೆ.

ಅತ್ಯುನ್ನತ ದರ್ಜೆಯೆನಿಸಿದ 24 ಬಿಟ್, 192 ಕಿಲೋಹರ್ಟ್ಸ್ ಸಂಗೀತಕ್ಕೂ ಸಂಕುಚಿಸದ ರೂಪದಲ್ಲಿ ಸೆಕೆಂಡಿಗೆ ಬೇಕಾಗುವುದು 9.2 ಮೆಗಾಬಿಟ್ ಮಾತ್ರ. ಸಾಮಾನ್ಯ ಲ್ಯಾನ್ ತಂತಿಯೂ ಇದರ ಹತ್ತುಪಟ್ಟನ್ನು ಸಾಗಿಸುತ್ತದೆ. ಆದಕಾರಣ ಚಲಿಸದ ಸಾಧನಗಳಿಗೆ ತಂತಿಯನ್ನೇ ಎಳೆಯುವುದು ಉತ್ತಮ. ವಿದ್ಯುತ್ತು ಹಠಾತ್ತನೆ ಹೋಗುವ ಊರುಗಳಲ್ಲಿ ರಾಸ್ಪ್‌ಬೆರಿ ಪೈಯ ಮೆಮೊರಿ ಕಾರ್ಡು ಕೆಡುವ ಸಂಭವವುಂಟು. ಪಿಕೋರ್‌ಪ್ಲೇಯರ್ ಎಂಬ ವ್ಯವಸ್ಥೆ ಆರಂಭದಲ್ಲಿಯೇ ತನ್ನನ್ನು ಪೂರ್ತಿಯಾಗಿ ಸ್ಮೃತಿಕೋಶಕ್ಕೆ ಏರಿಸಿಕೊಂಡು ಕಾರ್ಡಿನ ಗೊಡವೆಯನ್ನು ಬಿಡುವುದರಿಂದ ಅಲ್ಲಿ ಈ ಭಯ ಕಡಿಮೆ. ಸರ್ವರಿಗೆ ಯುಪಿಎಸ್ ಇರುವುದೂ, ಸಂಗ್ರಹದ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿರುವುದೂ ಅವಶ್ಯ.

ಆಯ್ಕೆಯ ಕ್ರಮ

ಮೊದಲು ನಿರ್ಧರಿಸಬೇಕಾದುದು ಸಂಗೀತ ಎಲ್ಲಿದೆ ಎಂಬುದು. ಸಿ.ಡಿ.ಗಳಿಂದ ಇಳಿಸಿಕೊಂಡ ಫೈಲುಗಳೇ ಪ್ರಧಾನವಾಗಿದ್ದರೆ ಲಿರಿಯನ್, ಎಂಪಿಡಿ, ಯುಪಿಎನ್‌ಪಿ ವರ್ಗಗಳೂ, ಸ್ಟ್ರೀಮಿಂಗ್ ಸೇವೆಯೇ ಪ್ರಧಾನವಾಗಿದ್ದರೆ ಆ ಸೇವೆಯ ಸಂಪರ್ಕಸೂತ್ರವುಳ್ಳ ಸಾಧನವೂ, ಎರಡೂ ಸಮನಾಗಿದ್ದರೆ ರೂನ್ ಮಾದರಿಯ ಮಿಶ್ರಸೂಚಿಯೂ ಸಹಜವಾದ ಆಯ್ಕೆಗಳು. ಸೇವೆಗೂ ತಂತ್ರಾಂಶಕ್ಕೂ ಹೊಂದಾಣಿಕೆ ಇದೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು. ಸ್ಪಾಟಿಫೈ ಭಾರತಕ್ಕೆ 2019ರ ಫೆಬ್ರವರಿಯಲ್ಲಿ ಬಂದಿತು, ಆ್ಯಪಲ್ ಮ್ಯೂಸಿಕ್ 2015ರಲ್ಲಿಯೇ ಬಂದಿತ್ತು. ಇವೆರಡೂ ರೂನ್ ಸೂಚಿಯೊಳಗೆ ಬೆರೆಯುವುದಿಲ್ಲ. ಅದರಲ್ಲಿ ಬೆರೆಯುವ ಟೈಡಲ್, ಕೋಬಜ್ ಸೇವೆಗಳು ಬಹುಕಾಲ ಭಾರತಕ್ಕೆ ತೆರೆಯದೆ ಇದ್ದುದರಿಂದ, ಅಮೆರಿಕದಲ್ಲಿರುವ ಕನ್ನಡಿಗರಿಗೆ ಒದಗುವ ಏರ್ಪಾಡು ಮೈಸೂರಿನಲ್ಲಿರುವ ಅವರ ತಂದೆತಾಯಿಗಳಿಗೆ ಒದಗಲಿಲ್ಲ.

ಎರಡನೆಯದಾಗಿ, ಮನೆಯಲ್ಲಿ ಕೇಳುವವರು ಒಬ್ಬರೇ ಅಲ್ಲವೆಂಬುದನ್ನು ಮರೆಯಬಾರದು. ಬೆಳಗಿನ ಸುಪ್ರಭಾತವನ್ನು ಹಾಕಲು ಅಜ್ಜಿ ಮೊಮ್ಮಗನ ಫೋನಿಗೆ ಕಾಯಬೇಕಾದ ವ್ಯವಸ್ಥೆ ಎಷ್ಟು ಸೂಕ್ಷ್ಮವಾದ ನಾದವನ್ನು ಹೊರಡಿಸಿದರೂ ಅಪೂರ್ಣ. ಒಂದು ಗುಂಡಿಯನ್ನೊತ್ತಿದರೆ ಗೊತ್ತಾದ ಪಟ್ಟಿ ನುಡಿಯತೊಡಗುವ ಸೌಕರ್ಯ ಸಾಧನದ ಮೈಮೇಲಾಗಲಿ ರಿಮೋಟಿನಲ್ಲಾಗಲಿ ಇರಬೇಕು.

ಮೂರನೆಯದು ಪರೀಕ್ಷೆ. ಮುಕ್ತ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಹಣ ತೆರಬೇಕಾದವು ಹಲವು ದಿನಗಳ ಪ್ರಯೋಗಕ್ಕೆ ಅವಕಾಶ ಕೊಡುತ್ತವೆ. ಪರೀಕ್ಷೆಗೆ ಸುಲಭವಾದ ಹಾಡುಗಳನ್ನು ಆಯದೆ ತೊಡಕಿನವನ್ನೇ ಆಯಬೇಕು: ತುಂಡುಗಳಾಗಿ ಕತ್ತರಿಸಿದ ಒಂದು ರಾಗ-ತಾನ-ಪಲ್ಲವಿ, ಕನ್ನಡ ಲಿಪಿಯಲ್ಲಿ ಟ್ಯಾಗ್ ಬರೆದ ಒಂದು ಭಾವಗೀತೆಗಳ ಆಲ್ಬಮ್, ಮತ್ತು ಹಲವು ಗಾಯಕರು ಹಾಡಿರುವ ಒಂದು ದೇವರನಾಮ. ಈ ಮೂರನ್ನು ನೆಟ್ಟಗೆ ನುಡಿಸಿ, ಬೇಕೆಂದಾಗ ಅರೆನಿಮಿಷದಲ್ಲಿ ಹುಡುಕಿಕೊಡುವ ತಂತ್ರಾಂಶ ಉಳಿದುದನ್ನೂ ನಿರ್ವಹಿಸೀತು.

ಬಾಳಿಕೆ

ಸ್ಪೀಕರಿನ ಆಯುಷ್ಯ ದಶಕಗಳದು. ತಂತ್ರಾಂಶದ ಆಯುಷ್ಯ ಅದನ್ನು ಪೋಷಿಸುವವರ ಇಚ್ಛೆಗೆ ಬಿಟ್ಟದ್ದು. 2015ರಲ್ಲಿ ಬಂದ ಕ್ರೋಮ್‌ಕಾಸ್ಟ್ ಆಡಿಯೊ 2019ರ ಆದಿಯಲ್ಲಿ ತಯಾರಿಕೆಯಿಂದ ನಿಂತಿತು. 2024ರ ಮೇ ತಿಂಗಳಲ್ಲಿ ಸೋನೋಸ್ ತನ್ನ ಆ್ಯಪನ್ನು ಹೊಸದಾಗಿ ರಚಿಸಿ ಹಂಚಿದಾಗ ಹಳೆಯ ಸೌಲಭ್ಯಗಳಲ್ಲಿ ಕೆಲವು ಕಾಣೆಯಾಗಿ, ಸಂಸ್ಥೆಯ ಮುಖ್ಯಸ್ಥರು ಗ್ರಾಹಕರ ಕ್ಷಮೆ ಕೋರಬೇಕಾಯಿತು. ಮನೆಗಳಲ್ಲಿದ್ದ ಸ್ಪೀಕರುಗಳು ಅವೇ ಆಗಿದ್ದುವು, ಬದಲಾದದ್ದು ಅವುಗಳನ್ನು ಆಳುವ ಕೈ. ಇದಕ್ಕೆ ಪ್ರತಿಯಾಗಿ, ಲಾಜಿಟೆಕ್ 2012ರಲ್ಲಿ ಸ್ಕ್ವೀಝ್‌ಬಾಕ್ಸ್ ಸಾಧನಗಳನ್ನು ಕೈಬಿಟ್ಟ ಮೇಲೆಯೂ, ಸರ್ವರಿನ ಮೂಲಲಿಪಿ ಮುಕ್ತವಾಗಿದ್ದ ಕಾರಣದಿಂದ ಬಳಕೆದಾರರೇ ಅದನ್ನು ಮುಂದುವರಿಸಿಕೊಂಡು ಬಂದು, ಇಪ್ಪತ್ತು ವರ್ಷಗಳ ಹಿಂದಿನ ಪೆಟ್ಟಿಗೆಗಳು ಇಂದಿಗೂ ನುಡಿಯುತ್ತಿವೆ.

ಹೀಗಾಗಿ ಯಾವ ತಂತ್ರಾಂಶವನ್ನು ಆಯ್ದರೂ ಅದು ತನ್ನ ಸೂಚಿಯ ವಿವರಗಳನ್ನು ಎಲ್ಲಿ ಬರೆದಿಡುತ್ತದೆಂಬುದನ್ನು ಗಮನಿಸುವುದು ಅಗತ್ಯ. ಸ್ವಂತ ದತ್ತಕೋಶದಲ್ಲಿ ಮಾತ್ರ ಬರೆದಿಟ್ಟರೆ, ವರ್ಷಗಟ್ಟಲೆ ಕುಳಿತು ತಿದ್ದಿದ ಹೆಸರುಗಳೂ ಕಟ್ಟಿದ ಪಟ್ಟಿಗಳೂ ತಂತ್ರಾಂಶದೊಡನೆಯೇ ಮರೆಯಾಗುತ್ತವೆ. ಫೈಲಿನ ಟ್ಯಾಗಿನಲ್ಲಿಯೂ ಸರಳ ಪಠ್ಯರೂಪದ ಎಂ3ಯು ಪಟ್ಟಿಯಲ್ಲಿಯೂ ಬರೆದಿಟ್ಟರೆ ಮುಂದೆ ಬರುವ ಯಾವ ತಂತ್ರಾಂಶವೂ ಅವನ್ನು ಓದಿಕೊಳ್ಳಬಲ್ಲದು. ಹಳೆಯ 78 ಸುತ್ತಿನ ಪ್ಲೇಟೊಂದು ತಾನು ಹುಟ್ಟಿದ ಕಂಪನಿಯನ್ನೂ ಮಾರಿದ ಅಂಗಡಿಯನ್ನೂ ಮೀರಿ ಬದುಕಿ ಇಂದು ಕೈಗೆ ಸಿಕ್ಕರೂ ಅದರಲ್ಲಿ ಯಾರು ಯಾವ ರಾಗವನ್ನು ಹಾಡಿದ್ದಾರೆಂದು ತಿಳಿಯುವುದು, ಚೀಟಿಯನ್ನು ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಅಂಟಿಸದೆ ಪ್ಲೇಟಿಗೇ ಅಂಟಿಸಿದ್ದರಿಂದ.